ಬೀರಬಲ್ ಸಾಹ್ನಿ

ಝೇಲಂ ನದಿಯ ದಡದಲ್ಲಿ ಭೇರಾ ಎಂಬ ಪುರಾತನ ಪಟ್ಟಣವಿದೆ. ಇಂದು ಪಾಕಿಸ್ತಾನಕ್ಕೆ ಸೇರಿರುವ ಈ ಊರು ಆಗ ಅವಿಭಜಿತ ಪಂಜಾಬಿನ ಶಾಹಪುರ ಜಿಲ್ಲೆಯಲ್ಲಿತ್ತು. ಊರಿಗೆ ಬಹು ದೂರವಲ್ಲದ ಕಡೆ ಉಪ್ಪಿನ ಬೆಟ್ಟಗಳ ಸಾಲೊಂದು ಹಬ್ಬಿದೆ. ಎಂದೋ ಬತ್ತಿಹೋದ ಕಡಲಿನ ಉಪ್ಪು ಅಲ್ಲಿ ಬಂಡೆಯಾಗಿ ನಿಂತಿದೆ. ಖೇವ್ರಾ ಎಂಬಲ್ಲಿ ಅದನ್ನು ಗಣಿಗಳಿಂದ ಕಡಿದು ತೆಗೆಯುತ್ತಾರೆ. ಉಪ್ಪಿನ ಪದರಗಳ ಮೇಲೆ ಬೇರೆ ಬೇರೆ ಯುಗಗಳ ಶಿಲೆಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವುದರಿಂದ ಭೂವಿಜ್ಞಾನಿಗಳಿಗೆ ಈ ಬೆಟ್ಟಗಳೆಂದರೆ ಯಾತ್ರಾಸ್ಥಳವಿದ್ದಂತೆ. 1891ನೆಯ ಇಸವಿ ನವೆಂಬರ್ 14ರಂದು ಭೇರಾದಲ್ಲಿ ಹುಟ್ಟಿದ ಬಾಲಕನೊಬ್ಬ ಈ ಬೆಟ್ಟಗಳನ್ನು ನೋಡುತ್ತ ಬೆಳೆದನು. ಮುಂದೆ ಭಾರತದಲ್ಲಿ ಪ್ರಾಚೀನ ಸಸ್ಯಗಳ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿದ ಬೀರಬಲ್ ಸಾಹ್ನಿಯವರೇ ಆ ಬಾಲಕ. ಅವರ ಜೀವನದ ಅತ್ಯಂತ ಕಠಿಣವಾದ ವಾದವಿವಾದವೂ ಇದೇ ಬೆಟ್ಟಗಳನ್ನು ಕುರಿತೇ ನಡೆಯಬೇಕಾಗಿದ್ದುದು ವಿಧಿಯ ಒಂದು ವೈಚಿತ್ರ್ಯ.

ತಂದೆ ರುಚಿರಾಮ ಸಾಹ್ನಿಯವರು ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಈಶ್ವರದೇವಿ. ರುಚಿರಾಮರು ಚಿಕ್ಕವರಿದ್ದಾಗಲೇ ಮನೆತನದ ವ್ಯವಹಾರ ಮುರಿದುಬಿದ್ದು ಬಡತನ ಒದಗಿತು. ವಿದ್ಯೆಯ ಹಂಬಲದಿಂದ ಅವರು ಪುಸ್ತಕಗಳ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಡೇರಾ ಇಸ್ಮಾಯಿಲ್ ಖಾನಿನಿಂದ ಝಂಗ್ ಪಟ್ಟಣದವರೆಗೆ ಕಾಲ್ನಡಿಗೆಯಲ್ಲೇ ಹೋದರೆಂದು ಹೇಳುತ್ತಾರೆ. ಹೀಗೆ ಸ್ವಂತ ಶ್ರಮದಿಂದ ಮೇಲೆ ಬಂದ ತಂದೆಯ ಮನೆಯಲ್ಲಿ ಪುಸ್ತಕಗಳಿಗೂ ಚರ್ಚೆಗೂ ಕೊರತೆಯಿರಲಿಲ್ಲ. ಮೋತಿಲಾಲ ನೆಹರು, ಗೋಪಾಲಕೃಷ್ಣ ಗೋಖಲೆ, ಮದನಮೋಹನ ಮಾಳವೀಯ, ಸರೋಜಿನಿ ನಾಯ್ಡು ಮೊದಲಾದವರು ಅಲ್ಲಿಗೆ ಅತಿಥಿಗಳಾಗಿ ಬರುತ್ತಿದ್ದರು.

ಬಾಲಕ ಬೀರಬಲನಿಗೆ ಕಲ್ಲು, ಎಲೆ, ಗಿಡ, ಅಂಚೆಚೀಟಿ ಎಲ್ಲವನ್ನೂ ಕೂಡಿಡುವ ಹವ್ಯಾಸ. ಒಮ್ಮೆ ಬೇಸಗೆಯ ರಜೆಯಲ್ಲಿ ಗಿರಿಧಾಮವೊಂದಕ್ಕೆ ಹೋಗಿದ್ದಾಗ ಅವನು ಹಿರಿಯರಿಗೆ ತಿಳಿಸದೆ ತಮ್ಮ ತಂಗಿಯರ ದಂಡು ಕಟ್ಟಿಕೊಂಡು ಏಡಿ ಹಿಡಿಯಲು ಕಣಿವೆಗೆ ಇಳಿದುಬಿಟ್ಟನು. ಮಕ್ಕಳು ದಣಿದು ಮನೆ ಸೇರಿದಾಗ ರಾತ್ರಿ ಬಹಳ ಹೊತ್ತಾಗಿತ್ತು. ಅಂದು ಮನೆಯಲ್ಲಿ ಯಾವ ಬಗೆಯ ಸ್ವಾಗತ ದೊರೆತಿರಬಹುದೆಂಬುದನ್ನು ವಿದ್ಯಾರ್ಥಿಗಳೇ ಊಹಿಸಿಕೊಳ್ಳಬಹುದು.

ಲಾಹೋರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಗುರುಗಳಾದ ಶಿವರಾಮ ಕಶ್ಯಪರ ಪ್ರಭಾವ ತರುಣನ ಮೇಲೆ ಆಳವಾಗಿ ಬಿದ್ದಿತು. ಪದವಿ ಪರೀಕ್ಷೆಯ ಸಂದರ್ಭದಲ್ಲಿ ನಡೆದ ಒಂದು ಪ್ರಸಂಗ ಅವನ ಸ್ವಭಾವವನ್ನು ತಿಳಿಸುತ್ತದೆ. ಸಸ್ಯಶಾಸ್ತ್ರದ ಪ್ರಶ್ನಪತ್ರಿಕೆಯನ್ನು ಕೈಗೆತ್ತಿಕೊಂಡು ನೋಡಿದಾಗ ಅದು ಹಿಂದಿನ ಪರೀಕ್ಷೆಯೊಂದರ ಪತ್ರಿಕೆಯ ಯಥಾವತ್ ನಕಲೆಂಬುದು ಗೊತ್ತಾಯಿತು. ಉತ್ತರಗಳೆಲ್ಲ ಗೊತ್ತಿದ್ದ ವಿದ್ಯಾರ್ಥಿಗೆ ಇದಕ್ಕಿಂತ ಭಾಗ್ಯ ಯಾವುದು? ಆದರೆ ಬೀರಬಲ್ ಪ್ರತಿಭಟಿಸಿ ಪರೀಕ್ಷಾಮಂದಿರದಿಂದ ಎದ್ದು ಹೊರಗೆ ಬಂದರು. ಕಡೆಗೆ ವಿಶ್ವವಿದ್ಯಾನಿಲಯ ಹೊಸ ಪತ್ರಿಕೆಯನ್ನು ಕೊಡಬೇಕಾಯಿತು.

1911ರಲ್ಲಿ ಪದವಿ ಮುಗಿಯಿತು. ಮಗನು ಇಂಗ್ಲೆಂಡಿಗೆ ಹೋಗಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ದೊಡ್ಡ ಅಧಿಕಾರಿಯಾಗಬೇಕೆಂಬುದು ತಂದೆಯ ಆಸೆ. ಅಪ್ಪಣೆಯಾದರೆ ಹೋಗುವೆನೆಂದೂ, ಆದರೆ ತನ್ನ ಒಲವಿರುವುದು ಸಸ್ಯಗಳ ಸಂಶೋಧನೆಯಲ್ಲೆಂದೂ ಮಗ ವಿನಯದಿಂದ ಅರಿಕೆಮಾಡಿಕೊಂಡನು. ತಂದೆ ತುಂಬ ಕಟ್ಟುನಿಟ್ಟಿನವರಾದರೂ ಮಗನ ಮನಸ್ಸನ್ನು ಅರಿತು ಒಪ್ಪಿದರು. ಅದೇ ವರ್ಷ ಬೀರಬಲ್ ಕೇಂಬ್ರಿಜ್ಜಿನ ಇಮ್ಯಾನ್ಯುಯೆಲ್ ಕಾಲೇಜನ್ನು ಸೇರಿದರು. ಖರ್ಚಿಗೆ ಮನೆಯ ಕಡೆ ಕೈಚಾಚದೆ ವಿದ್ಯಾರ್ಥಿವೇತನದಲ್ಲಿಯೇ ಜೀವನ ಸಾಗಿಸಿದರು. ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಪ್ರಾಚೀನ ಸಸ್ಯಗಳ ವಿಷಯದಲ್ಲಿ ಆ ಕಾಲದ ಮಹಾವಿದ್ವಾಂಸರೆನಿಸಿದ್ದ ಎ. ಸಿ. ಸೀವರ್ಡ್. ಭಾರತದ ಗೊಂಡ್ವಾನ ಶಿಲೆಗಳಲ್ಲಿ ದೊರೆತ ಸಸ್ಯಗಳನ್ನು ಗುರುಶಿಷ್ಯರಿಬ್ಬರೂ ಕೂಡಿ ಪುನಃ ಪರಿಶೀಲಿಸಿ 1920ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಷ್ಟರಲ್ಲಿ, 1919ರಲ್ಲಿ, ಲಂಡನ್ ವಿಶ್ವವಿದ್ಯಾನಿಲಯದ ಡಿ.ಎಸ್ಸಿ. ಪದವಿಯನ್ನು ಪಡೆದು ಸಾಹ್ನಿಯವರು ಸ್ವದೇಶಕ್ಕೆ ಮರಳಿದ್ದರು. ಕಾಶಿಯಲ್ಲಿ ಒಂದು ವರ್ಷ, ಲಾಹೋರಿನಲ್ಲಿ ಒಂದು ವರ್ಷ ಅಧ್ಯಾಪನ ಮಾಡಿ 1921ರಲ್ಲಿ ಲಖನೌ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರಾದರು. ಮುಂದೆ ಕೊನೆಯವರೆಗೂ ಲಖನೌ ಅವರ ಕರ್ಮಭೂಮಿಯಾಯಿತು. 1920ರಲ್ಲಿ ಅವರ ಕೈಹಿಡಿದ ಸಾವಿತ್ರಿದೇವಿಯವರು ಗಂಡನ ಕಾರ್ಯವನ್ನೇ ತಮ್ಮ ಕಾರ್ಯವೆಂದು ಬಗೆದು ಪ್ರವಾಸಗಳಲ್ಲಿಯೂ ಜೊತೆಗಿರುತ್ತಿದ್ದರು.

ಅಳಿದುಹೋದ ಸಸ್ಯವನ್ನು ಕಲ್ಲಿನಲ್ಲಿ ಓದುವುದೆಂದರೇನು? ಸಾಮಾನ್ಯವಾಗಿ ಸತ್ತ ಗಿಡ ಕೊಳೆತು ಮಣ್ಣಾಗುತ್ತದೆ. ಆದರೆ ಎಲ್ಲೋ ಸಾವಿರಕ್ಕೊಂದು ಸಲ, ಕೆರೆಯ ತಳದ ಕೆಸರಿನಲ್ಲಿಯೋ ಜ್ವಾಲಾಮುಖಿಯ ಬೂದಿಯಲ್ಲಿಯೋ ಅದು ಹೂತುಹೋಗುತ್ತದೆ. ಸಿಲಿಕಾ ಎಂಬ ಖನಿಜವನ್ನು ಕರಗಿಸಿಕೊಂಡ ನೀರು ಅದರ ಒಂದೊಂದು ಕೋಶಕ್ಕೂ ಇಳಿಯುತ್ತದೆ. ಸಿಲಿಕಾ ಗಟ್ಟಿಯಾಗಿ ಗಿಡವೇ ಕಲ್ಲಾಗುತ್ತದೆ. ಇದೇ ಪಳೆಯುಳಿಕೆ. ಅದನ್ನು ಗರಗಸದಿಂದ ತೆಳುವಾಗಿ ಕೊಯ್ದು, ಗಾಜಿನ ಮೇಲೆ ಅಂಟಿಸಿ, ಬೆಳಕು ತೂರಿಬರುವಷ್ಟು ತೆಳ್ಳಗಾಗುವವರೆಗೆ ಸಾಣೆಪುಡಿಯಿಂದ ಉಜ್ಜಬೇಕು. ಸ್ವಲ್ಪ ಹೆಚ್ಚು ಉಜ್ಜಿದರೆ ಎಲ್ಲವೂ ಪುಡಿಯಾಗಿ ಹೋಗುತ್ತದೆ. ಸರಿಯಾಗಿ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೋಟ್ಯಂತರ ವರ್ಷಗಳ ಹಿಂದಿನ ಕಾಂಡದ ನಾಳಗಳೂ ಬೀಜದ ಸಿಪ್ಪೆಯೂ ನಿನ್ನೆ ಕೊಯ್ದಂತೆ ಕಾಣಿಸುತ್ತವೆ. ಅಪಾರ ತಾಳ್ಮೆಯನ್ನು ಬೇಡುವ ಈ ಕೆಲಸದಲ್ಲಿ ಸಾಹ್ನಿಯವರಿಗೆ ಎಂದೂ ಬೇಸರ ಬರಲಿಲ್ಲ.

ಈಗಿನ ಝಾರ್ಖಂಡ ರಾಜ್ಯದ ರಾಜಮಹಲ್ ಬೆಟ್ಟಗಳು ಅವರ ಅಚ್ಚುಮೆಚ್ಚಿನ ಕ್ಷೇತ್ರ. ಹೂಬಿಡುವ ಸಸ್ಯಗಳು ಲೋಕವನ್ನು ಆವರಿಸುವುದಕ್ಕೆ ಮೊದಲು ಬೆಳೆದಿದ್ದ ಗಿಡಗಳು ಅಲ್ಲಿ ಕಲ್ಲಾಗಿ ಉಳಿದಿವೆ. ಆದರೆ ಪ್ರಕೃತಿಯು ಇಡೀ ಗಿಡವನ್ನು ಒಂದೆಡೆ ಜೋಡಿಸಿ ಇಡುವುದಿಲ್ಲ. ಎಲೆ ಒಂದು ಕಲ್ಲಿನಲ್ಲಿ, ಕಾಂಡ ಮತ್ತೊಂದರಲ್ಲಿ, ಬೀಜದ ಗೊಂಚಲು ಮೂರನೆಯದರಲ್ಲಿ ಸಿಕ್ಕುತ್ತವೆ. ಯಾವುದು ಯಾವುದಕ್ಕೆ ಸೇರಿದ್ದೆಂದು ತಿಳಿಯದೆ ಒಂದೊಂದಕ್ಕೂ ಬೇರೆ ಬೇರೆ ಹೆಸರು ಕೊಡಬೇಕಾಗುತ್ತದೆ. ನಿಪಾನಿಯಾ ಎಂಬ ಹಳ್ಳಿಯ ಬಳಿ ದೊರೆತ ಕಲ್ಲುಗಳನ್ನು ಸಾಹ್ನಿಯವರೂ ಅವರ ಶಿಷ್ಯರೂ ವರ್ಷಗಟ್ಟಲೆ ಕೊಯ್ದು ನೋಡಿದರು. ಕಾಂಡದ ಒಳರಚನೆಯನ್ನು ಎಲೆಯ ತೊಟ್ಟಿನೊಡನೆಯೂ ಬೀಜದ ಗೊಂಚಲಿನ ತೊಟ್ಟಿನೊಡನೆಯೂ ಹೋಲಿಸಿದಾಗ, ಬಿಡಿಬಿಡಿಯಾಗಿದ್ದ ಅಂಗಗಳು ಒಂದೇ ಗಿಡದವೆಂಬುದು ಹೊಳೆಯಿತು. ಕಾಂಡದಲ್ಲಿ ಸಾಮಾನ್ಯವಾಗಿ ಐದು ಮರದ ಕಂಬಗಳು ಸುತ್ತುಗಟ್ಟಿ ನಿಂತಿದ್ದುದರಿಂದ ಈ ಗುಂಪಿಗೆ ಪೆಂಟಾಕ್ಸಿಲೀ ಎಂಬ ಹೆಸರಾಯಿತು. ಇಂದು ಬದುಕಿರುವ ಯಾವ ಸಸ್ಯವರ್ಗಕ್ಕೂ ಸೇರದ ಈ ಹೊಸ ಗುಂಪನ್ನು ಅವರು 1948ರಲ್ಲಿ ಲೋಕದ ಮುಂದಿಟ್ಟರು. ಅದಕ್ಕೆ ಮೊದಲೇ, 1932ರಲ್ಲಿ, ಅದೇ ಬೆಟ್ಟಗಳ ಮತ್ತೊಂದು ಸಸ್ಯದ ಪೂರ್ಣರೂಪವನ್ನು ಕಟ್ಟಿಕೊಟ್ಟು ಅದಕ್ಕೆ ತಮ್ಮ ಗುರುವಿನ ನೆನಪಾಗಿ ವಿಲಿಯಮ್ಸೋನಿಯಾ ಸೀವರ್ಡಿಯಾನಾ ಎಂದು ಹೆಸರಿಟ್ಟಿದ್ದರು.

ರಾಜಮಹಲಿನಿಂದ ದಕ್ಷಿಣಕ್ಕೆ ಬಂದರೆ ನಮಗೆ ಹತ್ತಿರದ ನೆಲ ಎದುರಾಗುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಎರೆಭೂಮಿಯ ಅಡಿಯಲ್ಲಿ ಕಾಣುವ ಕಪ್ಪು ಕಲ್ಲು ಒಂದು ಕಾಲಕ್ಕೆ ಕುದಿಯುತ್ತ ಹರಿದ ಲಾವಾ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ ಬಿರಿದು ಹೊರಚೆಲ್ಲಿದ ಈ ಲಾವಾ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳನ್ನು ಸೇರಿಸಿಕೊಂಡು ಇಂದಿಗೂ 5 ಲಕ್ಷ ಚದರ ಕಿಲೋಮೀಟರುಗಳಷ್ಟು ನೆಲವನ್ನು ಮುಚ್ಚಿದೆ. ಬೆಂಕಿಯ ಹೊಳೆ ಒಂದೇ ಸಲ ಹರಿದು ನಿಂತದ್ದಲ್ಲ. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವೆ ದೀರ್ಘವಾದ ಬಿಡುವು ಇರುತ್ತಿತ್ತು. ತಣಿದ ಲಾವಾದ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು. ಕೆರೆಗಳಲ್ಲಿ ಮೀನು, ಬಸವನಹುಳು, ಪಾಚಿ, ಜಲಸಸ್ಯಗಳು ನೆಲೆಸಿದವು. ದಡದಲ್ಲಿ ತಾಳೆಯ ಜಾತಿಯ ಮರಗಳು ಬೆಳೆದವು. ಮತ್ತೆ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಎರಡು ಬೆಂಕಿಯ ಪದರಗಳ ನಡುವೆ ಸಿಕ್ಕಿಕೊಂಡ ಈ ತಂಪು ಕೆರೆಗಳ ಕಥೆಯನ್ನು ಸಾಹ್ನಿಯವರು ಬಿಡಿಸಿ ಹೇಳಿದರು.

ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯ ಸೌಸರ್ ಎಂಬಲ್ಲಿಯ ಗಟ್ಟಿ ಕಲ್ಲಿನ ತುಣುಕುಗಳಲ್ಲಿ ಅವರಿಗೂ ಅವರ ಸಹೋದ್ಯೋಗಿಗಳಿಗೂ ಅಜೋಲಾ ಎಂಬ ಜಲಸಸ್ಯದ ಅವಶೇಷಗಳು ದೊರೆತವು. ಅಜೋಲಾ ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ನಮ್ಮ ರೈತರು ಈಗ ಗದ್ದೆಗೆ ಗೊಬ್ಬರವಾಗಿ, ದನಗಳಿಗೆ ಮೇವಾಗಿ ಬೆಳೆಸುವುದೂ ಇದರ ಜಾತಿಯದನ್ನೇ. ಉಗುರಿನ ತುದಿಯಷ್ಟು ಮೃದುವಾದ ಈ ಗಿಡ ಲಾವಾ ಪ್ರವಾಹಗಳ ನಡುವೆ ಸಿಕ್ಕಿಯೂ ನಾಶವಾಗದೆ ತನ್ನ ಗುರುತನ್ನು ಉಳಿಸಿತೆಂಬುದು ಆಶ್ಚರ್ಯವಲ್ಲವೇ? ಅದೇ ಜಿಲ್ಲೆಯ ಮೋಹಗಾಂವ್ ಕಲಾನ್ ಎಂಬ ಹಳ್ಳಿಯ ಕಲ್ಲುಗಳಲ್ಲಿ ನೀಪಾ ಎಂಬ ತಾಳೆಯ ಹಣ್ಣು ಸಿಕ್ಕಿತ್ತು. ನೀಪಾ ಬೆಳೆಯುವುದು ಕಡಲಿನ ಉಪ್ಪುನೀರು ನದಿಯ ಸಿಹಿನೀರಿನೊಡನೆ ಬೆರೆಯುವ ಅಳಿವೆಗಳಲ್ಲಿ. ಇಂದು ಸುಂದರಬನದಲ್ಲಿ ಅದನ್ನು ಕಾಣಬಹುದು. ಹಾಗಾದರೆ ಈಗ ಯಾವ ದಿಕ್ಕಿಗೆ ಹೋದರೂ ಸಮುದ್ರ ನೂರಾರು ಮೈಲಿ ದೂರವಿರುವ ಆ ನಟ್ಟನಡು ನಾಡಿನ ಸಮೀಪಕ್ಕೆ ಅಂದು ಕಡಲಿನ ತೋಳು ಚಾಚಿದ್ದಿರಬೇಕು! ಒಂದು ಹಣ್ಣಿನ ಕಲ್ಲಿನಿಂದ ಒಂದು ಕಡಲಿನ ದಡವನ್ನು ಊಹಿಸುವ ಇಂಥ ತರ್ಕದಲ್ಲಿ ಸಾಹ್ನಿಯವರು ಸಿದ್ಧಹಸ್ತರು. 1940ರಲ್ಲಿ ಮದರಾಸಿನಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷಭಾಷಣಕ್ಕೆ ಅವರು ಆರಿಸಿಕೊಂಡದ್ದು ಈ ದಖನ್ನಿನ ಲಾವಾ ಪ್ರದೇಶದ ವಿಷಯವನ್ನೇ.

ಕಾಶ್ಮೀರದ ಪೀರ್ ಪಂಜಾಲ್ ಪರ್ವತಗಳ ಎತ್ತರದಲ್ಲಿ ಹಳೆಯ ಕೆರೆಗಳ ಕೆಸರು ಪದರಪದರವಾಗಿ ಉಳಿದಿದೆ. ಬೆಚ್ಚನೆಯ ಕೆರೆಗಳಲ್ಲಿ ಬೆಳೆಯುವ, ಉತ್ತರ ಭಾರತದಲ್ಲಿ ಸಿಂಘಾಡಾ ಎಂದು ಹೆಸರಾದ ಕೊಂಬಿನ ಕಾಯಿಯಂಥ ಜಲಸಸ್ಯಗಳ ಗುರುತು ಅಂಥ ಪದರಗಳಲ್ಲಿ ಕಂಡುಬಂದಿದೆ. ಕೆರೆ ಬೆಟ್ಟವನ್ನು ಹತ್ತಲಾರದು; ಕೆರೆಯ ತಳವೇ ಮೇಲಕ್ಕೆ ಎದ್ದಿರಬೇಕು. ಹಿಮಾಲಯವು ಮನುಷ್ಯನು ಭೂಮಿಗೆ ಬಂದ ಮೇಲೆಯೂ ಏರುತ್ತಲೇ ಬಂದಿದೆಯೆಂದು 1936ರಲ್ಲಿ ಸಾಹ್ನಿಯವರು ವಾದಿಸಿದರು. ಖಂಡಗಳು ಒಂದರಿಂದೊಂದು ಸರಿದು ದೂರವಾದವೆಂಬ ವೇಗೆನರನ ಸಿದ್ಧಾಂತವನ್ನು ಬಹುಮಂದಿ ವಿಜ್ಞಾನಿಗಳು ನಂಬದಿದ್ದ ಆ ದಿನಗಳಲ್ಲಿ ಅವರು ಅದನ್ನೂ ಪ್ರಾಚೀನ ಸಸ್ಯಗಳ ಒರೆಗಲ್ಲಿಗೆ ಹಚ್ಚಿ ನೋಡಿದರು. ಇಂದು ನೆರೆಹೊರೆಯಾಗಿರುವ ಭಾರತ ಹಾಗೂ ಚೀನಗಳ ಪುರಾತನ ಸಸ್ಯಗಳು ಒಂದಕ್ಕೊಂದು ಸಂಬಂಧವಿಲ್ಲದವು. ದೂರದ ಆಫ್ರಿಕ, ಆಸ್ಟ್ರೇಲಿಯಗಳ ಸಸ್ಯಗಳಾದರೋ ನಮ್ಮವುಗಳ ಒಡಹುಟ್ಟುಗಳಂತಿವೆ. ಇದಕ್ಕೆ ಬೇರೆ ಕಾರಣ ಹೇಳುವುದು ಕಷ್ಟವೆಂಬುದು ಅವರಿಗೆ ಕಂಡಿತ್ತು.

ಅವರ ಕಣ್ಣಿಗೆ ನೆಲದಲ್ಲಿ ಬಿದ್ದ ಯಾವುದೂ ಕಸವಲ್ಲ. 1936ರಲ್ಲಿ ರೋಹತಕ್ ಪಟ್ಟಣದ ಬಳಿ ಖೋಕ್ರಾ ಕೋಟ್ ಎಂಬ ದಿಬ್ಬದಲ್ಲಿ ತಮ್ಮ ಸುತ್ತಿಗೆಯಿಂದ ಕೆದಕುತ್ತಿದ್ದಾಗ ಸುಟ್ಟ ಮಣ್ಣಿನ ಚೂರುಗಳು ದೊರೆತವು. ಅವು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯೌಧೇಯರು ನಾಣ್ಯಗಳನ್ನು ಎರಕಹೊಯ್ಯಲು ಬಳಸಿದ ಅಚ್ಚುಗಳು. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಪ್ರಾಚೀನ ಭಾರತದ ನಾಣ್ಯ ತಯಾರಿಕೆಯ ವಿಧಾನವನ್ನು ಕುರಿತು 1945ರಲ್ಲಿ ಒಂದು ಪ್ರೌಢ ಗ್ರಂಥವನ್ನೇ ಹೊರತಂದು ನಾಣ್ಯಶಾಸ್ತ್ರಜ್ಞರಿಂದ ಪದಕವನ್ನು ಪಡೆದರು.

ಗೌರವಗಳು ತಾವಾಗಿಯೇ ಬಂದವು. ಕೇಂಬ್ರಿಜ್ 1929ರಲ್ಲಿ ಎಸ್ಸಿ.ಡಿ. ಪದವಿಯನ್ನಿತ್ತಿತು, 1936ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಬಿಳಿಯ ಖಾದಿಯ ನಿಲುವಂಗಿ, ಗಾಂಧಿ ಟೋಪಿಗಳ ಅವರ ಉಡುಪಿನಲ್ಲಿ ಇದರಿಂದ ಯಾವ ಬದಲಾವಣೆಯೂ ಆಗಲಿಲ್ಲ.

ಇನ್ನು ಉಪ್ಪಿನ ಬೆಟ್ಟಗಳ ವಿವಾದ. ಆ ಉಪ್ಪಿನ ಪದರಗಳ ವಯಸ್ಸೆಷ್ಟು ಎಂಬ ಪ್ರಶ್ನೆ ಬಹುಕಾಲದಿಂದ ಬಗೆಹರಿಯದೆ ಉಳಿದಿತ್ತು. ಉಪ್ಪಿನ ಮೇಲಿರುವ ಶಿಲೆಗಳು 50 ಕೋಟಿ ವರ್ಷಗಳಿಗೂ ಹಳೆಯವು. ಕೆಳಗಿನದು ಮೇಲಿನದಕ್ಕಿಂತ ಹಳೆಯದಾಗಿರಬೇಕೆಂಬುದು ಭೂವಿಜ್ಞಾನದ ಸಾಮಾನ್ಯ ನಿಯಮ. ಆದರೆ ಉಪ್ಪು ಕೇವಲ 5 ಕೋಟಿ ವರ್ಷಗಳಷ್ಟು ಈಚಿನದು. ಭೂಮಿಯ ಒತ್ತಡದಿಂದ ಹಳೆಯ ಬಂಡೆಗಳು ಜಾರಿಬಂದು ಅದರ ಮೇಲೆ ಕುಳಿತಿವೆ ಎಂಬುದು ಇನ್ನೊಂದು ಪಕ್ಷ. ಸಾಹ್ನಿಯವರು ಉಪ್ಪನ್ನೂ ಅದರೊಡನಿರುವ ಕಲ್ಲುಗಳನ್ನೂ ತರಿಸಿ, ಹೊರಗಿನ ಧೂಳು ಸೇರದಂತೆ ಎಚ್ಚರವಹಿಸಿ ಕರಗಿಸಿ, ಉಳಿದ ಗಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮರದ ನಾರಿನ ಚೂರುಗಳು, ಎಲೆಯ ಹೊರಪೊರೆಯ ತುಣುಕುಗಳು, ಸಣ್ಣ ಕೀಟಗಳ ದೇಹಭಾಗಗಳು ಕಾಣಿಸಿದವು. 50 ಕೋಟಿ ವರ್ಷಗಳ ಹಿಂದೆ ನೆಲದ ಮೇಲೆ ಮರವೂ ಇರಲಿಲ್ಲ, ಕೀಟವೂ ಇರಲಿಲ್ಲ. ಆದ್ದರಿಂದ ಉಪ್ಪು ಈಚಿನದೇ ಎಂದು ಅವರು ನಿರ್ಣಯಿಸಿದರು.

ಬೆಟ್ಟಗಳನ್ನು ಅಡಿಅಡಿಯಾಗಿ ಅಳೆದಿದ್ದ ಭೂವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಉಪ್ಪು ನೀರಿನಲ್ಲಿ ಕರಗಿ ಮತ್ತೆ ಹರಳುಗಟ್ಟುವ ವಸ್ತು. ಬಿರುಕುಗಳಲ್ಲಿ ಇಳಿದ ನೀರಿನೊಡನೆ ಈಚಿನ ಕಾಲದ ಚೂರುಗಳು ಒಳಸೇರಿರಬಹುದೆಂಬುದು ಅವರ ಆಕ್ಷೇಪ. 1944, 1945ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಎರಡು ವಿಚಾರಗೋಷ್ಠಿಗಳನ್ನು ನಡೆಸಿತು. ಎರಡು ಪಕ್ಷಗಳೂ ಎದುರುಬದುರಾಗಿ ಕುಳಿತು ವಾದಿಸಿದವು. ಸಾಹ್ನಿಯವರು ತಮ್ಮ ಹುಟ್ಟೂರಿನ ನೆರೆಯ ಬೆಟ್ಟಗಳ ವಿಷಯದಲ್ಲಿ ಕೊನೆಯವರೆಗೂ ತಮ್ಮ ನಿಲುವನ್ನು ಬಿಡಲಿಲ್ಲ. ಮುಂದಿನ ಸಂಶೋಧನೆ ಅವರ ಪಕ್ಷಕ್ಕೆ ನೆರವಾಗಲಿಲ್ಲ. ಆ ಉಪ್ಪು ಸುಮಾರು 54 ಕೋಟಿ ವರ್ಷಗಳಷ್ಟು ಹಳೆಯದೆಂದೂ, ಸಾಹ್ನಿಯವರು ಕಂಡ ಚೂರುಗಳು ಆಮೇಲೆ ಸೇರಿಕೊಂಡವೆಂದೂ ಇಂದು ಭೂವಿಜ್ಞಾನಿಗಳು ಒಪ್ಪಿದ್ದಾರೆ. ಅವರ ಚರಿತ್ರೆಯನ್ನು ಬರೆಯುವವರು ಕೆಲವರು ಈ ಸಂಗತಿಯನ್ನು ಮುಚ್ಚಿಡುವುದುಂಟು. ಹಾಗೆ ಮಾಡುವುದು ಸಾಹ್ನಿಯವರಿಗೆ ಗೌರವ ತರುವ ಕೆಲಸವಲ್ಲ. ತಾವು ಕಂಡದ್ದನ್ನು ಅವರು ಎಲ್ಲರ ಎದುರಿಗೆ ಇಟ್ಟರು. ಎದುರಾಳಿಗಳಿಗೂ ಪರೀಕ್ಷಿಸಿ ನೋಡುವ ಅವಕಾಶ ದೊರೆಯಿತು. ಆ ಪರೀಕ್ಷೆಯಿಂದಲೇ ನಿಜ ಹೊರಬಿದ್ದಿತು.

ಈ ವಾದದ ನಡುವೆಯೂ ಅವರ ಮನಸ್ಸನ್ನು ತುಂಬಿದ್ದ ವಿಚಾರ ಬೇರೊಂದು. ಪಳೆಯುಳಿಕೆಗಳ ಅಧ್ಯಯನಕ್ಕೆ ಸಸ್ಯಶಾಸ್ತ್ರ ಬೇಕು, ಭೂವಿಜ್ಞಾನವೂ ಬೇಕು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಈ ಎರಡು ವಿಭಾಗಗಳು ಒಂದರ ಮುಖ ಒಂದು ನೋಡದೆ ಇರುವುದೇ ಹೆಚ್ಚು. 1943ರಲ್ಲಿ ಲಖನೌದಲ್ಲಿ ಭೂವಿಜ್ಞಾನ ವಿಭಾಗ ಆರಂಭವಾದಾಗ ಅದರ ಹೊಣೆಯನ್ನೂ ಅವರೇ ಹೊತ್ತರು. ಆದರೂ ಎರಡನ್ನೂ ಬೆಸೆಯುವ ಸ್ವತಂತ್ರ ಸಂಸ್ಥೆಯೊಂದು ಇಲ್ಲದಿದ್ದರೆ ತಮ್ಮ ನಂತರ ಈ ವಿದ್ಯೆ ದೇಶದಲ್ಲಿ ಉಳಿಯದೆಂಬ ಆತಂಕ ಅವರನ್ನು ಕಾಡುತ್ತಿತ್ತು. 1946ರಲ್ಲಿ ಅವರು ಗೆಳೆಯರೊಡನೆ ಸೇರಿ ಒಂದು ನ್ಯಾಸವನ್ನು ಸ್ಥಾಪಿಸಿದರು. ಸಾಹ್ನಿ ದಂಪತಿಗಳಿಗೆ ಮಕ್ಕಳಿರಲಿಲ್ಲ. ತಮ್ಮ ಆಸ್ತಿಯನ್ನೂ, ಜೀವಮಾನವೆಲ್ಲ ಕೂಡಿಸಿದ ಪುಸ್ತಕಗಳನ್ನೂ, ಪಳೆಯುಳಿಕೆಗಳನ್ನೂ ಅದಕ್ಕೆ ಧಾರೆಯೆರೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸ್ವಂತ ಕಟ್ಟಡವಿಲ್ಲದೆ, ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದಲ್ಲಿಯೇ ಸಂಸ್ಥೆ ಕೆಲಸವನ್ನಾರಂಭಿಸಿತು. ಮರುವರ್ಷ ದೇಶ ಸ್ವತಂತ್ರವಾಯಿತು, ಇಬ್ಭಾಗವೂ ಆಯಿತು; ಭೇರಾ, ಲಾಹೋರು, ಉಪ್ಪಿನ ಬೆಟ್ಟಗಳು ಗಡಿಯ ಆಚೆಗೆ ಉಳಿದವು. 1948ರಲ್ಲಿ ಸಂಯುಕ್ತ ಪ್ರಾಂತದ ಸರ್ಕಾರ ಸಂಸ್ಥೆಗೆ ಲಖನೌದಲ್ಲಿ ನಿವೇಶನವನ್ನು ನೀಡಿತು.

ಹೊಸ ಕಟ್ಟಡದ ಶಂಕುಸ್ಥಾಪನೆಗಾಗಿ ಸಾಹ್ನಿಯವರು ಸಿದ್ಧಪಡಿಸಿದ ಶಿಲೆ ಅಪೂರ್ವವಾದುದು. ದೇಶವಿದೇಶಗಳಿಂದ ಬಂದ, ಬೇರೆ ಬೇರೆ ಯುಗಗಳಿಗೆ ಸೇರಿದ ಪಳೆಯುಳಿಕೆಗಳನ್ನು ಅದರಲ್ಲಿ ಅವರು ಹುದುಗಿಸಿದ್ದರು. 1949ನೆಯ ಏಪ್ರಿಲ್ 3ರಂದು ಪ್ರಧಾನಮಂತ್ರಿ ಜವಾಹರಲಾಲ ನೆಹರು ಅವರು ಅದನ್ನು ಪ್ರತಿಷ್ಠಾಪಿಸಿದರು. ಇಬ್ಬರೂ ನವೆಂಬರ್ 14ರಂದು ಹುಟ್ಟಿದವರು, ಇಬ್ಬರೂ ಕೇಂಬ್ರಿಜ್ಜಿನಲ್ಲಿ ವಿಜ್ಞಾನವನ್ನು ಓದಿದವರು. ಸಾಹ್ನಿಯವರ ಬಾಳಿನಲ್ಲಿ ಅದಕ್ಕಿಂತ ಸಂತೋಷದ ದಿನ ಬೇರೆ ಇದ್ದಿರಲಾರದು. ಆದರೆ ಗೋಡೆಗಳು ಏಳುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಒಂದು ವಾರ ಕಳೆಯುವುದರೊಳಗೆ, ಏಪ್ರಿಲ್ 10ರಂದು, ಹೃದಯಾಘಾತದಿಂದ ಅವರು ತೀರಿಕೊಂಡರು. ಆಗ ಅವರಿಗೆ 57 ವರ್ಷ. ಮರುವರ್ಷ ಸ್ಟಾಕ್‌ಹೋಮಿನಲ್ಲಿ ನಡೆಯಬೇಕಾಗಿದ್ದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಮಹಾಸಭೆಗೆ ಅವರನ್ನು ಗೌರವಾಧ್ಯಕ್ಷರನ್ನಾಗಿ ಆರಿಸಲಾಗಿತ್ತು.

ಶಂಕುಶಿಲೆಯ ಸುತ್ತ ಖಾಲಿ ನೆಲ, ಕೈಯಲ್ಲಿ ಅಲ್ಪ ಹಣ, ಮುಂದಾಳು ಇಲ್ಲದ ಕೆಲವು ತರುಣ ಸಂಶೋಧಕರು. ಸಂಸ್ಥೆ ಅಲ್ಲಿಗೇ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ತಪ್ಪಲ್ಲ. ವಿಜ್ಞಾನಿಯಲ್ಲದ ಸಾವಿತ್ರಿದೇವಿಯವರು ಆ ಹೊಣೆಯನ್ನು ಹೊತ್ತರು. ಸರ್ಕಾರದ ಬಾಗಿಲನ್ನು ತಟ್ಟಿದರು, ವಿದೇಶಗಳ ವಿದ್ವಾಂಸರ ನೆರವನ್ನು ಬೇಡಿದರು. ಯುನೆಸ್ಕೋ ಸಹಾಯದಿಂದ ನಾರ್ವೆಯ ಪ್ರಾಧ್ಯಾಪಕರೊಬ್ಬರು ಕೆಲಕಾಲ ನಿರ್ದೇಶಕರಾಗಿ ಬಂದರು. 1953ರ ಜನವರಿಯಲ್ಲಿ ಪೂರ್ಣಗೊಂಡ ಕಟ್ಟಡವನ್ನು ನೆಹರು ಅವರೇ ಬಂದು ಉದ್ಘಾಟಿಸಿದರು. 1969ರವರೆಗೆ ಸಾವಿತ್ರಿದೇವಿಯವರು ಸಂಸ್ಥೆಯ ಅಧ್ಯಕ್ಷೆಯಾಗಿ ದುಡಿದರು. ಅದೇ ವರ್ಷ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಕೆರೆಯ ಕೆಸರಿನಲ್ಲಿ ಸಿಕ್ಕುವ ಪರಾಗದಿಂದ ಹಿಂದಿನ ಮಳೆಗಾಲಗಳನ್ನು ಅರಿಯುವುದು, ಕಲ್ಲಿದ್ದಲಿನ ಹುಟ್ಟನ್ನು ತಿಳಿಯುವುದು ಮೊದಲಾಗಿ ಕೆಲಸ ವಿಸ್ತಾರಗೊಂಡಂತೆ 2015ರಲ್ಲಿ ಅದಕ್ಕೆ ಬೀರಬಲ್ ಸಾಹ್ನಿ ಪುರಾವಿಜ್ಞಾನ ಸಂಸ್ಥೆ ಎಂಬ ಹೆಸರಾಯಿತು. ಪಳೆಯುಳಿಕೆಗಳನ್ನು ಹುದುಗಿಸಿದ ಆ ಶಂಕುಶಿಲೆ ಇಂದಿಗೂ ಅಲ್ಲಿದೆ. ಸಾಹ್ನಿಯವರ ಸಮಾಧಿಯಿರುವುದೂ ಅದೇ ಆವರಣದಲ್ಲಿ.